ಆಪರೇಷನ್‌ಗೆ ಕೊಟ್ಟ ವಾಂತಿ ಮಾತ್ರೆ ಉಳಿದಿತ್ತು, ಕೀಮೋಗೂ ಅದನ್ನೇ ಕೊಟ್ಟೆ. ತಪ್ಪು ಮಾಡಿದೆನಾ?

ಅಮ್ಮನ ಮಗ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ದಯವಿಟ್ಟು ಓದಿ ಹೇಳಿ.

ಅಮ್ಮನಿಗೆ 58 ವರ್ಷ. ಸ್ತನದ ಗಡ್ಡೆಗೆ ಆಪರೇಷನ್ ಆಗಿ ಐದು ವಾರ ಆಯ್ತು. ಅವತ್ತು ಎಚ್ಚರ ಆದಮೇಲೆ ಶುರುವಾದ ವಾಂತಿ ಮಾರನೇ ದಿನ ಮಧ್ಯಾಹ್ನದವರೆಗೂ ನಿಲ್ಲಲಿಲ್ಲ. ಒಂದೊಂದು ಸಲ ವಾಕರಿಕೆ ಬಂದಾಗಲೂ ಹೊಲಿಗೆ ಹಾಕಿದ ಕಡೆ ದಿಂಬು ಒತ್ತಿ ಹಿಡಿದುಕೊಳ್ಳುತ್ತಿದ್ದರು, ನೋಡೋಕೆ ಆಗುತ್ತಿರಲಿಲ್ಲ. ಮನೆಗೆ ಕಳಿಸುವಾಗ ಒಂಡಾನ್ಸೆಟ್ರಾನ್ 4 ಮಿಲಿಗ್ರಾಂ ಮಾತ್ರೆ ಕೊಟ್ಟಿದ್ದರು. ಏಳು ಉಳಿದಿತ್ತು.

ಹೋದ ಮಂಗಳವಾರ ಮೊದಲನೇ ಕೀಮೋ. ಕೆಂಪು ಬಣ್ಣದ ಔಷಧಿ ಒಂದು, ಜೊತೆಗೆ ಇನ್ನೊಂದು. ಅದಕ್ಕೂ ಮೊದಲು ಡ್ರಿಪ್‌ನಲ್ಲಿ ವಾಂತಿ ಬರದ ಹಾಗೆ ಏನೋ ಹಾಕಿದರು. ಅವತ್ತು ರಾತ್ರಿ ಅಮ್ಮ ಆರಾಮಾಗಿ ಊಟ ಮಾಡಿ ಟಿವಿ ನೋಡಿದರು. ನಮಗೆಲ್ಲ ಖುಷಿ. ಮನೆಯಲ್ಲಿ ಮೂರು ದಿನ ತಗೊಳ್ಳೋಕೆ ಅಂತ ಮಾತ್ರೆ ಬರೆದಿದ್ದರು. ವಾಂತಿನೇ ಇಲ್ಲ, ಸುಮ್ನೆ ಯಾಕೆ ಇನ್ನಷ್ಟು ಮಾತ್ರೆ ಅಂತ ನಾನೇ ಕೊಡಲಿಲ್ಲ. ಗುರುವಾರ ಮಧ್ಯಾಹ್ನ ಶುರುವಾಯ್ತು ನೋಡಿ. ನೀರು ಕುಡಿದರೂ ವಾಪಸ್. ಗಾಬರಿಯಲ್ಲಿ ಕೈಗೆ ಸಿಕ್ಕಿದ್ದು ಹಳೇ ಒಂಡಾನ್ಸೆಟ್ರಾನ್. ಎರಡು ದಿನದಲ್ಲಿ ಐದು ಕೊಟ್ಟೆ. ವಾಂತಿ ಏನೋ ಕಮ್ಮಿ ಆಯ್ತು, ಆದರೆ ಇವತ್ತಿಗೆ ನಾಲ್ಕು ದಿನ, ಮೋಷನ್ ಆಗಿಲ್ಲ. ತಲೆನೋವು ಬೇರೆ.

ಮುಂದಿನ ಕೀಮೋಗೆ ಎರಡು ವಾರ ಇದೆ. ಈಗಲೇ ಆಸ್ಪತ್ರೆ ಬ್ಯಾಗ್ ಕಂಡರೆ ಅಮ್ಮನಿಗೆ ಹೊಟ್ಟೆ ತೊಳಸುತ್ತದೆ. ನಾನು ಏನು ತಪ್ಪು ಮಾಡಿದೆ, ಹೇಳಿ. ಬೈದರೂ ಪರವಾಗಿಲ್ಲ.

ಎರಡನೇ ಇನ್ನಿಂಗ್ಸ್

ಬೈಯೋದು ಏನಿದೆ ಅಣ್ಣ. ನನ್ನ ಮೊದಲನೇ ಕೀಮೋದಲ್ಲಿ ನಾನೂ ಇದನ್ನೇ ಮಾಡಿದ್ದೆ, ಅದೂ ಎಲ್ಲರಿಗೂ ಬುದ್ಧಿ ಹೇಳೋ ವಯಸ್ಸಿನಲ್ಲಿ.

ಮೊದಲ ದಿನ ಚೆನ್ನಾಗಿದ್ದರು ಅಂದರೆ ಡ್ರಿಪ್‌ನಲ್ಲಿ ಹಾಕಿದ್ದು ಕೆಲಸ ಮಾಡಿದೆ ಅಂತ ಅರ್ಥ, ವಾಂತಿ ಬರೋದೇ ಇಲ್ಲ ಅಂತ ಅಲ್ಲ. ಕೀಮೋ ವಾಂತಿ ಎರಡು ಸಲ ಬಾಗಿಲು ತಟ್ಟುತ್ತದೆ. ಒಂದು ಮೊದಲ 24 ಗಂಟೆಯೊಳಗೆ. ಇನ್ನೊಂದು ಅದರ ನಂತರ, ಐದು ದಿನದವರೆಗೂ. ನನಗೆ ಕೊಟ್ಟಿದ್ದು ಸಿಸ್‌ಪ್ಲಾಟಿನ್. ಅದರಲ್ಲಿ 48ರಿಂದ 72 ಗಂಟೆ ಹೊತ್ತಿಗೆ ತುಂಬಾ ಜೋರು. ನಿಮ್ಮಮ್ಮನಿಗೆ ಕೊಟ್ಟ ಕೆಂಪು ಔಷಧಿ ಬಹುಶಃ ಡಾಕ್ಸೋರುಬಿಸಿನ್, ಇನ್ನೊಂದು ಸೈಕ್ಲೋಫಾಸ್ಫಮೈಡ್ ಇರಬೇಕು. ಆ ಜೋಡಿಯೂ ವಾಂತಿ ತರೋದರಲ್ಲಿ ಮೇಲಿನ ಸಾಲಿನದೇ. ಮನೆಗೆ ಬರೆದ ಮೂರು ದಿನದ ಮಾತ್ರೆ ಇರೋದೇ ಆ ಎರಡನೇ ಸಲಕ್ಕೆ.

ಒಮ್ಮೆ ವಾಂತಿ ಶುರುವಾದರೆ ಬಾಯಿಂದ ಕೊಟ್ಟ ಮಾತ್ರೆ ಹೊಟ್ಟೆಯಲ್ಲಿ ಉಳಿಯೋದೇ ಕಷ್ಟ. ಬರದ ಹಾಗೆ ತಡೆಯೋದು ಸುಲಭ, ಬಂದಮೇಲೆ ನಿಲ್ಲಿಸೋದು ಕಷ್ಟ. ಬರೆದುಕೊಟ್ಟಿದ್ದನ್ನ ಗಡಿಯಾರ ನೋಡಿ ಕೊಡಬೇಕು, ಹೊಟ್ಟೆ ನೋಡಿ ಅಲ್ಲ.

ರಾತ್ರಿಪಾಳಿ

ನಾನು ನರ್ಸ್, ಕೀಮೋ ವಾರ್ಡ್‌ನಲ್ಲೇ ತುಂಬಾ ವರ್ಷ ಇದ್ದೆ. ಮಿಕ್ಕಿದ್ದೆಲ್ಲ ಆಮೇಲೆ. ಮೊದಲು ಮೋಷನ್ ವಿಚಾರ.

ನಾಲ್ಕು ದಿನ ಆಗಿದೆ ಅಂದರೆ ಇವತ್ತೇ ಆಂಕಾಲಜಿ ಟೀಮ್‌ಗೆ, ಅಂದರೆ ಕ್ಯಾನ್ಸರ್ ಡಾಕ್ಟರ ಕಡೆಯವರಿಗೆ ಫೋನ್ ಮಾಡಿ. ಒಂಡಾನ್ಸೆಟ್ರಾನ್ ಕರುಳನ್ನ ನಿಧಾನ ಮಾಡುತ್ತದೆ, ಮಲಬದ್ಧತೆ ಮತ್ತೆ ತಲೆನೋವು ಎರಡೂ ಅದರ ಮಾಮೂಲಿ ತೊಂದರೆಗಳು. ಜೊತೆಗೆ ಆಪರೇಷನ್ ನೋವಿಗೆ ಟ್ರಮಡಾಲ್ ಥರದ್ದು ಏನಾದರೂ ಇದ್ದರೆ ಇನ್ನೂ ಗಟ್ಟಿ. ಈ ಪ್ರಶ್ನೆಗಳಿಗೆ ಉತ್ತರ ಬರೆದಿಟ್ಟುಕೊಂಡು ಫೋನ್ ಮಾಡಿ: ಹೊಟ್ಟೆ ಉಬ್ಬಿದೆಯಾ? ಗಾಳಿ ಹೋಗುತ್ತಿದೆಯಾ? ಹೊಟ್ಟೆ ಹಿಂಡಿದ ಹಾಗೆ ನೋವಿದೆಯಾ? ಹೊಟ್ಟೆ ಬಿಗಿದು, ಗಾಳಿಯೂ ಹೋಗದೆ, ವಾಂತಿನೂ ಬರುತ್ತಿದ್ದರೆ ಕರುಳು ಕಟ್ಟಿರಬಹುದು. ಆಗ ಫೋನ್ ಅಲ್ಲ, ನೇರ ಆಸ್ಪತ್ರೆ. ವಾಂತಿ ಮಾತ್ರೆಯ ಒಂದು ಮೋಸ ಏನಂದರೆ, ವಾಂತಿ ನಿಂತಿದೆ ಅಂತ ನಾವು ಸುಮ್ಮನಿರುತ್ತೇವೆ, ಒಳಗೆ ಕರುಳು ಕಟ್ಟುತ್ತಿರೋದು ಕಾಣೋದೇ ಇಲ್ಲ.

ನೀವೇ ಎನಿಮಾ ಕೊಡೋದು, ಗುದದ್ವಾರದಲ್ಲಿ ಇಡೋ ಮಾತ್ರೆ ಹಾಕೋದು ಬೇಡ. ಕೀಮೋ ಆದಮೇಲೆ ಬಿಳಿ ರಕ್ತಕಣ ಇಳಿದಿರುತ್ತದೆ, ಅಲ್ಲಿ ಸಣ್ಣ ಗಾಯ ಆದರೂ ಸೋಂಕು ರಕ್ತಕ್ಕೆ ಹೋಗಬಹುದು. ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 38 ಸೆಲ್ಸಿಯಸ್ ಮುಟ್ಟಿದರೆ ಅದು ಎಮರ್ಜೆನ್ಸಿ, ರಾತ್ರಿ ಎರಡು ಗಂಟೆ ಆದರೂ ಸರಿ.

ಅಮ್ಮನ ಮಗ

ಥ್ಯಾಂಕ್ಸ್ ಅಕ್ಕ. ಗಾಳಿ ಹೋಗುತ್ತಿದೆ, ಹೊಟ್ಟೆ ಮೆತ್ತಗೇ ಇದೆ, ಜ್ವರ ಇಲ್ಲ. ನೋವಿಗೆ ಟ್ರಮಡಾಲ್ ರಾತ್ರಿ ಒಂದು ತಗೋತಾರೆ. ಈಗಲೇ ಫೋನ್ ಮಾಡುತ್ತೇನೆ.

ಮಾತ್ರೆಡಬ್ಬಿ

ಫಾರ್ಮಸಿಸ್ಟ್ ನಾನು. ಉಳಿದ ಮಾತ್ರೆ ಬಗ್ಗೆ ಕೇಳಿದ್ದೀರಲ್ಲ, ಅದಕ್ಕೆ ಬರ್ತೀನಿ.

ಹೆಸರು ಒಂದೇ ಇದ್ದರೂ ಆಪರೇಷನ್ ನಂತರದ ವಾಂತಿಯೇ ಬೇರೆ, ಕೀಮೋ ವಾಂತಿಯೇ ಬೇರೆ. ಕೀಮೋಗೆ ಒಂಡಾನ್ಸೆಟ್ರಾನ್ ಸಾಮಾನ್ಯವಾಗಿ 8 ಮಿಲಿಗ್ರಾಂ ಲೆಕ್ಕದಲ್ಲಿ ಇರುತ್ತದೆ. ಅದಕ್ಕಿಂತ ದೊಡ್ಡ ವಿಷಯ, ನಿಮಗೆ ಡ್ರಿಪ್‌ನಲ್ಲಿ ಯಾವುದು ಹಾಕಿದರು ಅಂತ ಗೊತ್ತಿಲ್ಲ. ಅದು ಪಾಲೊನೊಸೆಟ್ರಾನ್ ಆಗಿದ್ದರೆ, ಅದೂ ಒಂಡಾನ್ಸೆಟ್ರಾನ್ ಕೂತುಕೊಳ್ಳೋ ಜಾಗದಲ್ಲೇ ಕೂತುಕೊಳ್ಳುತ್ತದೆ. ಅದರ ಅರ್ಧಾಯುಷ್ಯ, ಅಂದರೆ ಮೈಯಲ್ಲಿ ಅರ್ಧಕ್ಕೆ ಇಳಿಯೋಕೆ ಬೇಕಾದ ಹೊತ್ತು, ಸುಮಾರು 40 ಗಂಟೆ. ಅಂದರೆ ಗುರುವಾರ ಮಧ್ಯಾಹ್ನ ಕೂಡ ಅದು ಮೈಯಲ್ಲಿ ಇತ್ತು. ಬೀಗದಲ್ಲಿ ಒಂದು ಕೀ ಸಿಕ್ಕಿಕೊಂಡಿರುವಾಗ ಅಂಥದ್ದೇ ಇನ್ನೊಂದು ಕೀ ತುರುಕಿದ ಹಾಗೆ. ವಾಂತಿಗೆ ಲಾಭ ಕಮ್ಮಿ, ಮಲಬದ್ಧತೆ ತಲೆನೋವು ಮಾತ್ರ ಡಬಲ್. ಇಷ್ಟೆಲ್ಲ ಕೊಟ್ಟಮೇಲೂ ವಾಂತಿ ಬಂದರೆ ಡಾಕ್ಟರು ಸಾಮಾನ್ಯವಾಗಿ ಬೇರೆ ಜಾತಿಯ ಔಷಧಿ ಸೇರಿಸುತ್ತಾರೆ, ಅದನ್ನೇ ಮತ್ತೆ ಮತ್ತೆ ಕೊಡೋದಿಲ್ಲ.

ಇನ್ನೊಂದು, ಹೃದಯದ ವಿಚಾರ. ಒಂಡಾನ್ಸೆಟ್ರಾನ್, ಡೋಂಪೆರಿಡೋನ್ ಇವೆಲ್ಲ ಇಸಿಜಿಯಲ್ಲಿ ಕ್ಯೂಟಿ ಅನ್ನೋ ಅಂತರವನ್ನ ಉದ್ದ ಮಾಡಬಹುದು, ಜಾಸ್ತಿ ಆದರೆ ಹೃದಯದ ಬಡಿತ ತಾಳ ತಪ್ಪುತ್ತದೆ. ಇದೇ ಕಾರಣಕ್ಕೆ 2012ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಂದೇ ಸಲಕ್ಕೆ 32 ಮಿಲಿಗ್ರಾಂ ಒಂಡಾನ್ಸೆಟ್ರಾನ್ ಇಂಜೆಕ್ಷನ್ ಕೊಡೋದನ್ನ ನಿಲ್ಲಿಸಿತು, ಒಂದು ಸಲಕ್ಕೆ 16 ದಾಟಬಾರದು ಅಂತು. ವಾಂತಿ ಭೇದಿಯಲ್ಲಿ ಪೊಟ್ಯಾಸಿಯಮ್, ಮೆಗ್ನೀಸಿಯಮ್ ಇಳಿದಿದ್ದರೆ ಅಪಾಯ ಇನ್ನೂ ಜಾಸ್ತಿ. ಅಂದರೆ ವಾಂತಿ ಹೆಚ್ಚಾಗಿ ಮಾತ್ರೆ ಹೆಚ್ಚು ನುಂಗೋ ಹೊತ್ತಿನಲ್ಲೇ ಹೃದಯವೂ ಸೂಕ್ಷ್ಮ ಆಗಿರುತ್ತದೆ. ಅಜಿತ್ರೋಮೈಸಿನ್, ಫ್ಲುಕೊನಜೋಲ್, ಕೆಲವು ಖಿನ್ನತೆ ಮಾತ್ರೆಗಳು, ಇವೂ ಅದೇ ಸಾಲಿಗೆ ಸೇರುತ್ತವೆ. ಟ್ರಮಡಾಲ್ ಅಂದ್ರಿ, ಅದನ್ನೂ ಡಾಕ್ಟರಿಗೆ ಹೇಳಿ. ಅದು ಖಿನ್ನತೆ ಮಾತ್ರೆ ಜೊತೆ ಸೇರಿದರೆ ಮೈ ನಡುಕ, ಬೆವರು, ಗಾಬರಿ ಬರಬಹುದು. ಒಂಡಾನ್ಸೆಟ್ರಾನ್ ಜೊತೆಗೂ ಆ ಎಚ್ಚರಿಕೆ ಬರೆದಿರುತ್ತಾರೆ.

ಗ್ಯಾಸ್‌ಗೆ ಅಂತ ತಗೊಳ್ಳೋ ಕ್ಯಾಪ್ಸೂಲ್ ಪಟ್ಟಿ ತಿರುಗಿಸಿ ಸಣ್ಣ ಅಕ್ಷರ ಓದಿ. ಕೆಲವದರಲ್ಲಿ ಡೋಂಪೆರಿಡೋನ್ ಸೇರಿಸಿಯೇ ಇರುತ್ತಾರೆ. ವಾಂತಿಗೆ ಬೇರೆ ಡೋಂಪೆರಿಡೋನ್ ಕೊಟ್ಟಿದ್ದರೆ ಗೊತ್ತಿಲ್ಲದೆ ಎರಡು ಪಟ್ಟು ಆಯ್ತು.

ಸುಮ್ನೆ ಕೇಳ್ದೆ

ನನಗೊಂದು ಅನುಮಾನ. ಕೀಮೋನೇ ವಿಷ, ಅದರ ಮೇಲೆ ಇಷ್ಟೊಂದು ಮಾತ್ರೆ. ವಾಂತಿ ಆದರೆ ವಿಷ ಹೊರಗೆ ಹೋಗುತ್ತದೆ ಅಂತ ನಮ್ಮ ದೊಡ್ಡಪ್ಪ ಹೇಳುತ್ತಿದ್ದರು. ಗಟ್ಟಿ ಮನಸ್ಸು ಇದ್ದರೆ ತಡ್ಕೋಬಹುದು ಅಲ್ವಾ?

ಎರಡನೇ ಇನ್ನಿಂಗ್ಸ್

ನಿಮ್ಮ ದೊಡ್ಡಪ್ಪನ ಮೇಲೆ ಗೌರವ ಇಟ್ಟುಕೊಂಡೇ ಹೇಳ್ತೀನಿ, ತಪ್ಪು. ಔಷಧಿ ಹೋಗಿದ್ದು ರಕ್ತನಾಳಕ್ಕೆ, ಹೊಟ್ಟೆಗಲ್ಲ. ವಾಂತಿಯಲ್ಲಿ ಹೋಗೋದು ನೀರು, ಉಪ್ಪಿನಂಶ, ತಿಂದ ಊಟ. ಸಿಸ್‌ಪ್ಲಾಟಿನ್ ತಗೊಂಡವರಿಗೆ ಮೈಯಲ್ಲಿ ನೀರು ಕಮ್ಮಿಯಾದರೆ ಕಿಡ್ನಿಗೇ ಪೆಟ್ಟು. ನನಗೆ ಎರಡನೇ ಕೀಮೋ ಒಂದು ವಾರ ಮುಂದಕ್ಕೆ ಹೋಗಿದ್ದೇ ಇದರಿಂದ. ಮನಸ್ಸು ಗಟ್ಟಿ ಇತ್ತು ಸ್ವಾಮಿ, ಕಿಡ್ನಿ ಹೇಗಿದೆ ಅಂತ ತೋರಿಸೋ ಕ್ರಿಯೇಟಿನಿನ್ ಕೇಳಲಿಲ್ಲ.

ಸುಮ್ನೆ ಕೇಳ್ದೆ

ಸರಿ ಸರಿ, ಕೇಳಿದ್ದು ಒಳ್ಳೇದೇ ಆಯ್ತು.

ಸಕ್ಕರೆ ಲೆಕ್ಕ

ಡೆಕ್ಸಾಮೆಥಸೋನ್ ಬಗ್ಗೆ ಯಾರೂ ಹೇಳಲಿಲ್ಲ. ಇದು ಸ್ಟೀರಾಯ್ಡ್, ಆದರೆ ಕೀಮೋ ವಾಂತಿಗೆ, ಅದರಲ್ಲೂ ಎರಡನೇ ದಿನದ ನಂತರದ ವಾಂತಿಗೆ ತುಂಬಾ ಕೆಲಸಕ್ಕೆ ಬರುತ್ತದೆ. ಅಪ್ಪನಿಗೆ ಶುಗರ್ ಇದೆ. ಯಾವಾಗಲೂ 150 ಆಸುಪಾಸು ಇದ್ದದ್ದು, ಕೀಮೋ ಮಾರನೇ ದಿನ ಸಂಜೆ 340. ಮೀಟರ್ ಕೆಟ್ಟಿದೆ ಅಂತ ಬೇರೆ ಸ್ಟ್ರಿಪ್ ಹಾಕಿ ನೋಡಿದೆ, 352. ಯಾರೂ ಮುಂಚೆ ಹೇಳಿರಲಿಲ್ಲ. ಕೇಳಬೇಕಿತ್ತು ಅನ್ನೋದೂ ನನಗೆ ಗೊತ್ತಿರಲಿಲ್ಲ. ಈಗ ಆ ಮೂರು ದಿನಕ್ಕೆ ಇನ್ಸುಲಿನ್ ಲೆಕ್ಕ ಬೇರೆ ಬರೆದುಕೊಟ್ಟಿದ್ದಾರೆ.

ರಾತ್ರಿ ಎಂಟಕ್ಕೆ ಆ ಮಾತ್ರೆ ಕೊಟ್ಟು, ಅಪ್ಪ ಬೆಳಗಿನ ಜಾವ ಮೂರಕ್ಕೆ ಎದ್ದು ಕಪಾಟು ಜೋಡಿಸುತ್ತಿದ್ದರು! ನಿದ್ದೆನೇ ಬರಲ್ಲ. ಬೆಳಗ್ಗೆ ತಿಂಡಿ ಆದಮೇಲೆ ಕೊಡಿ ಅಂತ ಆಮೇಲೆ ಗೊತ್ತಾಯ್ತು. ಬಿಕ್ಕಳಿಕೆ ಕೂಡ ಅದರಿಂದಲೇ ಬರಬಹುದಂತೆ.

ಮಾತ್ರೆಡಬ್ಬಿ

ಒಳ್ಳೆ ಮಾತು ನೆನಪಿಸಿದ್ರಿ. ಅದಕ್ಕೆ ಅಂಟಿಕೊಂಡೇ ಇನ್ನೊಂದು. ಅಪ್ರೆಪಿಟೆಂಟ್ ಅಂತ ಕ್ಯಾಪ್ಸೂಲ್ ಬರುತ್ತದೆ, ಮೊದಲ ದಿನ 125, ಮುಂದಿನ ಎರಡು ದಿನ 80 ಮಿಲಿಗ್ರಾಂ, ಮೊದಲನೆಯದು ಕೀಮೋಗೆ ಒಂದು ಗಂಟೆ ಮುಂಚೆ. ತುಂಬಾ ಒಳ್ಳೆ ಔಷಧಿ. ಆದರೆ ಲಿವರ್‌ನಲ್ಲಿ ಬೇರೆ ಔಷಧಿಗಳ ಲೆಕ್ಕ ಬದಲಾಯಿಸುತ್ತದೆ. ಅದು ಇದ್ದಾಗ ಡೆಕ್ಸಾಮೆಥಸೋನ್ ಡೋಸ್ ಇಳಿಸುತ್ತಾರೆ. ರಕ್ತ ತೆಳುವಾಗಿಸೋ ವಾರ್ಫರಿನ್ ತಗೊಳ್ಳೋರಿಗೆ ಅದರ ಶಕ್ತಿ ಇಳಿಯಬಹುದು, ವಾರ ಹತ್ತು ದಿನದೊಳಗೆ ಐಎನ್‌ಆರ್ (ರಕ್ತ ಹೆಪ್ಪುಗಟ್ಟೋ ವೇಗದ ಪರೀಕ್ಷೆ) ನೋಡಿಸಬೇಕು. ಗರ್ಭ ತಡೆಯೋ ಹಾರ್ಮೋನ್ ಮಾತ್ರೆ ತಗೊಳ್ಳೋ ಚಿಕ್ಕ ವಯಸ್ಸಿನವರಿಗೆ, ಅಪ್ರೆಪಿಟೆಂಟ್ ನಿಲ್ಲಿಸಿದ ಮೇಲೂ 28 ದಿನ ಆ ಮಾತ್ರೆಯನ್ನೇ ನಂಬೋ ಹಾಗಿಲ್ಲ, ಬೇರೆ ವಿಧಾನವೂ ಬೇಕು. ಕೀಮೋ ನಡೆಯುವಾಗ ಗರ್ಭ ನಿಲ್ಲೋದು ಎಷ್ಟು ಕಷ್ಟದ ವಿಷಯ ಅಂತ ಹೇಳಬೇಕಾಗಿಲ್ಲ. ಮುಜುಗರ ಪಟ್ಟುಕೊಂಡು ಈ ಒಂದು ಮಾತ್ರ ಬಚ್ಚಿಡಬೇಡಿ.

ಮೂಲೆಮನೆ

ಆಪರೇಷನ್ ಕಡೆಯ ಒಂದು ಅನುಭವ ಹೇಳ್ತೀನಿ. ಮಗಳಿಗೆ 19. ಅಪೆಂಡಿಕ್ಸ್ ತೆಗೆದ ರಾತ್ರಿ ವಾಂತಿಗೆ ಮೆಟೊಕ್ಲೋಪ್ರಮೈಡ್ ಇಂಜೆಕ್ಷನ್ ಹಾಕಿದರು. ಕೆಲವು ಗಂಟೆ ಆದಮೇಲೆ ಅವಳ ಕುತ್ತಿಗೆ ಒಂದು ಕಡೆಗೆ ತಿರುಗಿ ಹಾಗೇ ನಿಂತುಬಿಟ್ಟಿತು. ಕಣ್ಣು ಮೇಲಕ್ಕೆ. ದವಡೆ ಗಟ್ಟಿ, ಮಾತಾಡೋಕೆ ಆಗಲ್ಲ, ಪ್ರಜ್ಞೆ ಮಾತ್ರ ಪೂರ್ತಿ ಇದೆ, ನನ್ನನ್ನೇ ನೋಡುತ್ತಾ ಅಳುತ್ತಿದ್ದಾಳೆ. ಫಿಟ್ಸ್ ಅಂದುಕೊಂಡೆ. ಡ್ಯೂಟಿ ಡಾಕ್ಟರು ನೋಡಿದ ತಕ್ಷಣ ಇನ್ನೊಂದು ಇಂಜೆಕ್ಷನ್ ಹಾಕಿದರು, ಹತ್ತು ಹದಿನೈದು ನಿಮಿಷದಲ್ಲಿ ಕುತ್ತಿಗೆ ಸಡಿಲ ಆಯ್ತು. ಈಗ ಅವಳ ಪರ್ಸ್‌ನಲ್ಲಿ ಒಂದು ಚೀಟಿ ಇದೆ: ಮೆಟೊಕ್ಲೋಪ್ರಮೈಡ್ ಕೊಡಬೇಡಿ.

ರಾತ್ರಿಪಾಳಿ

ಇದು ಚಿಕ್ಕ ವಯಸ್ಸಿನವರಲ್ಲಿ ಜಾಸ್ತಿ. ಹೆದರಿಕೆ ಆಗುತ್ತದೆ, ಆದರೆ ಬೇಗ ಇಳಿಯುತ್ತದೆ. ಇದಕ್ಕಿಂತ ಸುಲಭವಾಗಿ ಕಣ್ಣು ತಪ್ಪೋದು ಇನ್ನೊಂದಿದೆ. ಕೂತಲ್ಲಿ ಕೂರೋಕೆ ಆಗಲ್ಲ, ಕಾಲು ಅಲ್ಲಾಡಿಸ್ತಾನೇ ಇರಬೇಕು, ಒಳಗೆಲ್ಲ ಒದ್ದಾಟ. ಮನೆಯವರು ಟೆನ್ಷನ್ ಅಂದುಕೊಳ್ಳುತ್ತಾರೆ, ಪೇಷೆಂಟೂ ಹಾಗೇ ಅಂದುಕೊಳ್ಳುತ್ತಾರೆ. ಮೆಟೊಕ್ಲೋಪ್ರಮೈಡ್ ಅಥವಾ ಪ್ರೊಕ್ಲೋರ್‌ಪೆರಜೀನ್ ಶುರು ಮಾಡಿದ ಮೇಲೆ ಹೀಗಾದರೆ ಹೇಳಿ. ತಿಂಗಳುಗಟ್ಟಲೆ ತಗೊಂಡರೆ ತುಟಿ, ನಾಲಿಗೆ ತಾನಾಗಿ ಆಡೋ ತೊಂದರೆ ಬರಬಹುದು, ಅದು ಕೆಲವರಲ್ಲಿ ಹೋಗೋದೇ ಇಲ್ಲ. ಅದಕ್ಕೇ ಯುರೋಪಿನ ಔಷಧ ಸಂಸ್ಥೆ 2013ರಲ್ಲಿ ಮೆಟೊಕ್ಲೋಪ್ರಮೈಡ್ ಐದು ದಿನಕ್ಕಿಂತ ಹೆಚ್ಚು ಬೇಡ ಅಂತ ಹೇಳಿದ್ದು. ಕರುಳು ಕಟ್ಟಿದ ಅನುಮಾನ ಇದ್ದರೆ ಅದನ್ನ ಕೊಡಲೇಬಾರದು, ಅದು ಕರುಳನ್ನ ತಳ್ಳೋ ಔಷಧಿ.

ಬಸ್ ಅಂದ್ರೆ ಭಯ

ಮುಂದಿನ ತಿಂಗಳು ನನಗೆ ಗರ್ಭಕೋಶದ ಆಪರೇಷನ್. ಬಸ್ ಹತ್ತಿದರೇ ವಾಂತಿ ನನಗೆ. ಇದನ್ನೆಲ್ಲ ಓದಿ ಕೈಕಾಲು ತಣ್ಣಗಾಯ್ತು. ಮುಂಚೆನೇ ಏನಾದರೂ ಮಾಡಬಹುದಾ?

ರಾತ್ರಿಪಾಳಿ

ನೀವು ಈಗ ಹೇಳಿದಿರಲ್ಲ, ಆ ಒಂದು ಸಾಲನ್ನ ಅರಿವಳಿಕೆ ಡಾಕ್ಟರಿಗೂ ಹೇಳಿ, ಅರ್ಧ ಕೆಲಸ ಆಯ್ತು. ಅವರು ಲೆಕ್ಕ ಹಾಕೋದು ನಾಲ್ಕೇ ವಿಷಯ. ಹೆಂಗಸಾ, ಸಿಗರೇಟ್ ಸೇದದವರಾ, ಪ್ರಯಾಣದಲ್ಲಿ ಅಥವಾ ಹಿಂದಿನ ಆಪರೇಷನ್‌ನಲ್ಲಿ ವಾಂತಿ ಆಗಿತ್ತಾ, ಆಪರೇಷನ್ ಆದಮೇಲೆ ಮಾರ್ಫಿನ್ ಜಾತಿಯ ನೋವಿನ ಔಷಧಿ ಬೇಕಾಗುತ್ತಾ. ಹೌದು ಹೌದು, ಸೇದದವರಿಗೇ ವಾಂತಿ ಜಾಸ್ತಿ, ಅದಕ್ಕೋಸ್ಕರ ಯಾರೂ ಶುರು ಮಾಡಬೇಡಿ. ನಾಲ್ಕೂ ಇಲ್ಲದಿದ್ದರೆ ವಾಂತಿ ಸಾಧ್ಯತೆ ಸುಮಾರು 10%, ನಾಲ್ಕೂ ಇದ್ದರೆ ಸುಮಾರು 80%. ನಿಮಗೆ ಮೂರು ನಾಲ್ಕು ಇರೋ ಹಾಗಿದೆ. ಗೊತ್ತಿದ್ದರೆ ಅವರು ಬೇರೆ ಬೇರೆ ಜಾತಿಯ ಎರಡು ಮೂರು ಔಷಧಿ ಮೊದಲೇ ಕೊಡುತ್ತಾರೆ, ಅರಿವಳಿಕೆ ವಿಧಾನವನ್ನೂ ಬದಲಾಯಿಸಬಹುದು.

ಕೆಲವರಿಗೆ ಕಿವಿ ಹಿಂದೆ ಸ್ಕೊಪೊಲಮೈನ್ ಪ್ಯಾಚ್ ಹಚ್ಚುತ್ತಾರೆ. ಹಚ್ಚಿದ ಮೇಲೆ, ತೆಗೆದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ. ಆ ಕೈಯಲ್ಲಿ ಕಣ್ಣು ಉಜ್ಜಿಕೊಂಡರೆ ಪಾಪೆ ದೊಡ್ಡದಾಗಿ ಮಂಜು ಮಂಜಾಗಿ ಕಾಣುತ್ತದೆ. ಒಂದು ಕಡೆಯ ಪಾಪೆ ಮಾತ್ರ ದೊಡ್ಡದಾಗಿದೆ ಅಂತ ಮೆದುಳಿಗೇ ಏನೋ ಆಯ್ತು ಅಂದುಕೊಂಡು ಓಡಿ ಬಂದವರನ್ನ ನೋಡಿದ್ದೇನೆ. ಗ್ಲಾಕೋಮಾ ಇದ್ದರೆ ಮೊದಲೇ ಹೇಳಿ. ವಯಸ್ಸಾದವರಿಗೆ ಇದರಿಂದ ಗೊಂದಲ, ಮೂತ್ರ ಕಟ್ಟೋದು ಆಗಬಹುದು.

ಮಣಿಕಟ್ಟಿನ ಗೆರೆಯಿಂದ ಮೊಣಕೈ ಕಡೆಗೆ ಮೂರು ಬೆರಳು ಅಳತೆ ಬಿಟ್ಟು, ಎರಡು ಹುರಿ ಹಾಗೆ ಸಿಗುತ್ತಲ್ಲ, ಅದರ ನಡುವೆ ಒತ್ತೋದನ್ನೂ ಪರೀಕ್ಷೆ ಮಾಡಿ ನೋಡಿದ್ದಾರೆ, ಕೆಲವರಿಗೆ ಉಪಯೋಗ ಆಗುತ್ತದೆ. ಔಷಧಿ ಜೊತೆಗೆ ಮಾಡಿ, ಔಷಧಿ ಬದಲಿಗೆ ಅಲ್ಲ. ಅಮ್ಮನ ಮಗ ಅವರೇ, ನಿಮ್ಮಮ್ಮನ ಕಂಕುಳಲ್ಲಿ ಗಂಟು ತೆಗೆದಿದ್ದರೆ ಆ ಕಡೆಯ ಕೈಗೆ ಬಿಗಿ ಪಟ್ಟಿ ಕಟ್ಟಬೇಡಿ.

ಅಮ್ಮನ ಮಗ

ಫೋನ್ ಮಾಡಿದೆ, ಸಂಜೆ ಕರೆದರು, ಹೋಗಿ ಬಂದೆವು. ಮೋಷನ್‌ಗೆ ಔಷಧಿ ಕೊಟ್ಟಿದ್ದಾರೆ, ಪೊಟ್ಯಾಸಿಯಮ್ ನೋಡಿದರು, ಸ್ವಲ್ಪ ಕಮ್ಮಿ. ಮಾತ್ರೆಡಬ್ಬಿ ಸರ್ ಹೇಳಿದ್ದು ಸರಿಯಾಗಿತ್ತು, ಡ್ರಿಪ್‌ನಲ್ಲಿ ಹಾಕಿದ್ದು ಪಾಲೊನೊಸೆಟ್ರಾನೇ. ನಾನು ಕೊಡದೇ ಇಟ್ಟ ಮೂರು ದಿನದ ಮಾತ್ರೆಯಲ್ಲಿ ಡೆಕ್ಸಾಮೆಥಸೋನ್ ಇತ್ತು, ರಾತ್ರಿಗೆ ಓಲಾಂಜಪಿನ್ ಇತ್ತು. ಓಲಾಂಜಪಿನ್ ಗೂಗಲ್ ಮಾಡಿದರೆ ಮಾನಸಿಕ ಕಾಯಿಲೆಗೆ ಅಂತ ಬರುತ್ತಿದೆ. ಅಮ್ಮನಿಗೆ ತೋರಿಸಲಿಲ್ಲ.

ಮಾತ್ರೆಡಬ್ಬಿ

ತೋರಿಸಿ, ಹೇಳಿಬಿಡಿ, ಬೇರೆ ಕಡೆಯಿಂದ ಗೊತ್ತಾದರೆ ಮಾತ್ರೆನೇ ಬಿಟ್ಟುಬಿಡುತ್ತಾರೆ. ಔಷಧಿ ಅದೇ, ಕೆಲಸ ಬೇರೆ. ವಾಂತಿಗೆ ಸಂಬಂಧಪಟ್ಟ ಹಲವು ಜಾಗಗಳನ್ನ ಅದೊಂದೇ ಮುಚ್ಚುತ್ತದೆ, ಅದರಲ್ಲೂ ವಾಂತಿ ಇಲ್ಲದೆ ಬರೀ ಹೊಟ್ಟೆ ತೊಳಸೋದಕ್ಕೆ ಚೆನ್ನಾಗಿ ಕೆಲಸ ಮಾಡುತ್ತದೆ. ಕೆಲವೇ ದಿನಕ್ಕೆ ಕೊಡೋದು. ನಿದ್ದೆ ಜೋರಾಗಿ ಬರುತ್ತದೆ, ಅದಕ್ಕೇ ರಾತ್ರಿ. ಎದ್ದಾಗ ತಲೆ ಸುತ್ತಬಹುದು. ಮೊದಲು ಮಂಚದ ಮೇಲೆ ಒಂದು ನಿಮಿಷ ಕೂತು ಆಮೇಲೆ ನಿಲ್ಲಲಿ, ಬಾತ್‌ರೂಮ್ ದೀಪ ಹಾಕಿಟ್ಟಿರಿ. ಮಂಪರು ಜಾಸ್ತಿ ಆದರೆ ಡೋಸ್ ಇಳಿಸುತ್ತಾರೆ, ನೀವೇ ನಿಲ್ಲಿಸಬೇಡಿ. ಟ್ರಮಡಾಲ್ ಕೂಡ ರಾತ್ರಿನೇ ಅಂದಿರಿ, ಎರಡರ ಮಂಪರು ಸೇರುತ್ತದೆ, ಕೇಳಿಕೊಳ್ಳಿ. ಓಲಾಂಜಪಿನ್ ಮೇಲೆ ಮೆಟೊಕ್ಲೋಪ್ರಮೈಡ್ ಕೊಡಬೇಡಿ, ಎರಡೂ ಒಂದೇ ಕಡೆ ಬ್ರೇಕ್ ಹಾಕುತ್ತವೆ.

ಅಮ್ಮನ ಮಗ

ಬ್ಯಾಗ್ ಕಂಡರೆ ವಾಕರಿಕೆ ಬರೋದಕ್ಕೆ?

ಎರಡನೇ ಇನ್ನಿಂಗ್ಸ್

ಅದು ನಾಟಕ ಅಲ್ಲ ಅಣ್ಣ. ಮೊದಲ ಸಲ ವಾಂತಿ ಜೋರಾದರೆ ಮೆದುಳು ಕಲಿತುಬಿಡುತ್ತದೆ. ನನಗೆ ಸ್ಪಿರಿಟ್ ವಾಸನೆ. ಕೀಮೋ ಮುಗಿದು ಎರಡು ವರ್ಷ ಆದಮೇಲೂ ಯಾರೋ ಕೈಗೆ ಸ್ಯಾನಿಟೈಸರ್ ಹಾಕಿಕೊಂಡರೆ ಬಾಯಲ್ಲಿ ನೀರು ಊರುತ್ತಿತ್ತು. ಮುಂದಿನ ಸಲ ವಾಂತಿ ಬರದ ಹಾಗೆ ನೋಡಿಕೊಳ್ಳೋದೇ ಅದಕ್ಕೆ ದೊಡ್ಡ ಮದ್ದು. ಹಿಂದಿನ ರಾತ್ರಿ ಲೊರಜೆಪಾಮ್ ಕೂಡ ಕೊಡುತ್ತಾರೆ, ಆದರೆ ನಿಮ್ಮಮ್ಮನಿಗೆ ಮಂಪರಿನ ಔಷಧಿ ಈಗಾಗಲೇ ಎರಡು ಇವೆ, ಡಾಕ್ಟರೇ ಹೇಳಲಿ. ಬ್ಯಾಗ್ ಬದಲಾಯಿಸಿ. ಅಮ್ಮನಿಗೆ ಪ್ರಾಣ ಅನ್ನೋ ತಿಂಡಿಯನ್ನ ಅವತ್ತು ಕೊಡಬೇಡಿ, ಆಮೇಲೆ ಅದನ್ನ ಕಂಡರೂ ಆಗಲ್ಲ. ನಾನು ಹಾಗೆ ಒಂದನ್ನ ಕಳೆದುಕೊಂಡಿದ್ದೇನೆ.

ರಾತ್ರಿಪಾಳಿ

ಒಂದು ಹಾಳೆ ಮಾಡಿ ಫ್ರಿಜ್ ಮೇಲೆ ಅಂಟಿಸಿ. ಮಾತ್ರೆ ಹೆಸರು, ಎಷ್ಟು ಗಂಟೆಗೆ, ತಗೊಂಡರಾ, ವಾಂತಿ ಎಷ್ಟು ಹೊತ್ತಿಗೆ, ಮೋಷನ್ ಆಯ್ತಾ. ಮಾತ್ರೆ ನುಂಗಿ ಎಷ್ಟು ನಿಮಿಷಕ್ಕೆ ವಾಂತಿ ಆಯ್ತು ಅಂತ ಬರೆದರೆ, ಮತ್ತೆ ಕೊಡಬೇಕಾ ಬೇಡವಾ ಅಂತ ಫೋನ್‌ನಲ್ಲೇ ಹೇಳುತ್ತಾರೆ. ಬಾಯಲ್ಲಿ ಕರಗೋ ಮಾತ್ರೆ ಕೊಟ್ಟರೆ ಒಣ ಕೈಯಲ್ಲಿ ಹಿಂದಿನ ಹಾಳೆ ಸುಲಿದು ತೆಗೆಯಿರಿ, ಒತ್ತಿ ತೆಗೆದರೆ ಪುಡಿ ಆಗುತ್ತದೆ. ನಾಲಿಗೆ ಮೇಲಿಟ್ಟು ಎಂಜಲಿನ ಜೊತೆ ನುಂಗಿದರೆ ಸಾಕು.

ಒಂದು ದಿನ ಪೂರ್ತಿ ನೀರೂ ನಿಲ್ಲದಿದ್ದರೆ, ಮೂತ್ರ ಕಮ್ಮಿಯಾಗಿ ಕಡುಬಣ್ಣ ಆದರೆ, ವಾಂತಿಯಲ್ಲಿ ರಕ್ತ ಅಥವಾ ಕಾಫಿ ಪುಡಿ ಥರ ಕಂಡರೆ, ಎದೆ ಡವಡವ ಅಂದು ಕಣ್ಣು ಕತ್ತಲೆ ಬಂದರೆ, ಮಾತು ತೊದಲಿದರೆ ಇನ್ನೊಂದು ಮಾತ್ರೆ ಹುಡುಕುತ್ತಾ ಕೂರಬೇಡಿ, ಹೊರಡಿ.

ಅಮ್ಮನ ಮಗ

ಮೂರು ವಾರ ಆದಮೇಲೆ ಬರೆಯುತ್ತಿದ್ದೇನೆ. ಎರಡನೇ ಕೀಮೋ ಆಯ್ತು, ಇವತ್ತು ಆರನೇ ದಿನ. ಈ ಸಲ ಎಲ್ಲವನ್ನೂ ಗಡಿಯಾರ ನೋಡಿ ಕೊಟ್ಟೆ, ಮೋಷನ್ ಔಷಧಿಯನ್ನೂ ಮೊದಲ ದಿನದಿಂದಲೇ. ಓಲಾಂಜಪಿನ್ ಮೊದಲ ರಾತ್ರಿ ಮಾರನೇ ದಿನ ಹನ್ನೊಂದರವರೆಗೂ ಮಲಗಿದರು, ಫೋನ್ ಮಾಡಿದೆ, ಅರ್ಧ ಮಾಡಿದರು. ಸ್ಟೀರಾಯ್ಡ್ ಬೆಳಗ್ಗೆ ಕೊಟ್ಟರೂ ರಾತ್ರಿ ಸ್ವಲ್ಪ ಎಚ್ಚರ ಆಗುತ್ತಿತ್ತು. ಬ್ಯಾಗ್ ಬದಲಿಗೆ ತಂಗಿಯ ಹಳೇ ಕಾಲೇಜು ಬ್ಯಾಗ್ ತಗೊಂಡು ಹೋದೆವು.

ಉಳಿದಿದ್ದ ಎರಡು ಹಳೇ ಮಾತ್ರೆಯನ್ನ ಆಸ್ಪತ್ರೆ ಫಾರ್ಮಸಿಗೆ ವಾಪಸ್ ಕೊಟ್ಟೆ. ಫ್ರಿಜ್ ಮೇಲಿನ ಹಾಳೆ ನಾನು ಬರೆಯುತ್ತಿದ್ದೆ, ಎರಡನೇ ದಿನದಿಂದ ಅಮ್ಮ ಪೆನ್ಸಿಲ್ ಕಿತ್ತುಕೊಂಡರು. ಗುರುವಾರದ ಸಾಲಲ್ಲಿ ಅವರೇ ಬರೆದಿದ್ದಾರೆ: 3.10, ಹೊಟ್ಟೆ ತೊಳಸು, ವಾಂತಿ ಇಲ್ಲ, ಮಗ ಸುಮ್ನೆ ಹೆದರ್ತಾನೆ.